ಕುರ್ಚಿ ಮೆಂಬರುಗಳ ರಂಗಮಂದಿರ

ನಮ್ಮ ರಂಗಮಂದಿರಕ್ಕೆ ಹೊಸ ಮ್ಯಾನೇಜರ್ ಬಂದಿದ್ದಾಳಂತೆ, ಕಮಿಟಿಗೂ ಎಳೆಯರು ಸೇರಿದ್ದಾರಂತೆ. ಅವರಿಗಾಗಿ ನಾಲ್ಕು ಪುಟ ಅನುಭವ ಬರೆದುಕೊಡಿ ಎಂದು ಹೇಳಿ ಕಳಿಸಿದ್ದಾರೆ. ಜೊತೆಗೆ 'ಸವಿನೆನಪು' ಎಂಬ ಮಾತನ್ನೂ ಸೇರಿಸಿದ್ದಾರೆ. ನನ್ನ ಹತ್ತಿರ ಅಷ್ಟೊಂದು ಸವಿ ಇಲ್ಲ. ಮ್ಯಾನೇಜರ್ ಆಗಿ ಸೇರಿದೆ, ಮ್ಯಾನೇಜರ್ ಆಗಿಯೇ ನಿವೃತ್ತಳಾದೆ. ಬಡ್ತಿ ಎಂಬುದು ಆ ಕೆಲಸದಲ್ಲಿ ಇರಲೇ ಇಲ್ಲವಾದ್ದರಿಂದ ಆ ಅಧ್ಯಾಯ ಬರೆಯುವ ಕಷ್ಟ ತಪ್ಪಿತು. ಬೆಣ್ಣೆ ಹಚ್ಚಿ ಮಾತಾಡುವುದು ನನಗೆ ಆಗಲೂ ಬರುತ್ತಿರಲಿಲ್ಲ, ಈಗ ಈ ವಯಸ್ಸಿನಲ್ಲಿ ಕಲಿಯುವ ಆಸೆಯೂ ಇಲ್ಲ. ಓದುವವರು ಓದಿ.

ನಾನು ಆಲೂರಿನವಳು. ತೊಂಬತ್ತರ ದಶಕದ ಆರಂಭದಲ್ಲಿ ಸಕಲೇಶಪುರದಿಂದ ಹೊಂಗಡಹಳ್ಳದ ಕಡೆಗೆ ಹೋಗುವ ರಸ್ತೆಯಲ್ಲಿ ಆ ರಂಗಮಂದಿರ ಹೊಸದಾಗಿ ಎದ್ದು ನಿಂತಿತ್ತು. ಸರ್ಕಾರ ಒಂದು ಮೊಳೆಯನ್ನೂ ಕೊಟ್ಟಿರಲಿಲ್ಲ. ಸುತ್ತಲಿನ ಕಾಫಿ ಬೆಳೆಗಾರರೇ ಸೇರಿ, ಒಬ್ಬರು ಮರ, ಒಬ್ಬರು ಕಲ್ಲು, ಇನ್ನೊಬ್ಬರು ತಗಡು ಎಂದು ಹಂಚಿಕೊಂಡು ಕಟ್ಟಿದ್ದರು. ಅದನ್ನು ನಡೆಸುತ್ತಿದ್ದವರೂ ಅವರೇ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಬಿಟ್ಟಿ ದುಡಿಯುವವರು. ಸಂಬಳಕ್ಕೆ ಇದ್ದವಳು ನಾನೊಬ್ಬಳೇ. ಎಳೆಯರೇ, ಇದೊಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಬಿಟ್ಟಿ ದುಡಿಯುವ ಯಜಮಾನನಷ್ಟು ಕಷ್ಟದ ಯಜಮಾನ ಬೇರೊಬ್ಬನಿಲ್ಲ. "ತೋಟ ಬಿಟ್ಟು ಬಂದು ಕೂತಿದೀನಿ ಕಣಮ್ಮ, ನಂಗೇನು ಲಾಭ ಐತೆ ಇದ್ರಾಗೆ?" ಎಂದುಬಿಟ್ಟರೆ ನಿಮ್ಮ ಎಲ್ಲ ಪ್ರಶ್ನೆಗಳೂ ಗಂಟಲಲ್ಲೇ ನಿಲ್ಲುತ್ತವೆ. ನನ್ನವು ಸ್ವಲ್ಪ ದಿನ ನಿಂತವು, ಆಮೇಲೆ ನಿಲ್ಲಲಿಲ್ಲ.

ಮೆಂಬರ್ ಆಗುವ ಕ್ರಮವೂ ವಿಚಿತ್ರವಾಗಿತ್ತು. ಯಾರು ಒಂದು ಕುರ್ಚಿ ಕೊಡುತ್ತಾರೋ ಅವರು ಆಜೀವ ಮೆಂಬರ್. ಕುರ್ಚಿಯ ಬೆನ್ನಿಗೆ ಅವರ ಹೆಸರಿನ ಹಿತ್ತಾಳೆ ತಗಡು. ಸಭೆಯಲ್ಲಿ ಒಂದು ಕುರ್ಚಿಗೆ ಒಂದು ಓಟು. ಮೆಂಬರ್ ಬರಲಿ, ಬರದಿರಲಿ, ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂರುವಂತಿಲ್ಲ. ಮೊದಮೊದಲು ಕುರ್ಚಿಗಳನ್ನು ಸುಮ್ಮನೆ ಇಟ್ಟಿದ್ದರು. ಒಂದು ಮದುವೆ ಕಾಲದಲ್ಲಿ ಯಾರ್ಯಾರೋ ಒಯ್ದರು, ಗೌಡರ ಕುರ್ಚಿ ದೋಣಿಗಲ್ಲಿನ ಒಂದು ಹೋಟೆಲಿನಲ್ಲಿ ಸಿಕ್ಕಿತು. ಅವತ್ತೇ ಎಲ್ಲ ಕುರ್ಚಿಗಳ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿ ನೆಲಕ್ಕೆ ಸಿಮೆಂಟು ಹಾಕಿ ಕೂರಿಸಿಬಿಟ್ಟರು. ರಂಗದ ಎದುರಿಗೇ ಮುಂದಿನ ಸಾಲುಗಳೆಲ್ಲ ಹೀಗೆ ಬೇರೂರಿದ ಕುರ್ಚಿಗಳು. ಹಿಂದೆ, ಬಾಗಿಲವರೆಗೆ, ಚಾಪೆ ಹಾಸುವ ಬರಿ ನೆಲ. ಅಲ್ಲಿ ಸಣ್ಣ ಹಿಡುವಳಿಯವರು, ಎಸ್ಟೇಟಿನ ಕೂಲಿಮನೆಗಳ ಸಾಲಾದ ಲೈನಿನ ಆಳುಗಳು, ಅವರ ಮಕ್ಕಳು ಸೇರುತ್ತಿದ್ದರು.

ಗೌಡರು ಎಂದೆನಲ್ಲ, ಅವರು ಅಧ್ಯಕ್ಷ ಧರ್ಮಪ್ಪ ಗೌಡರು. ದೊಡ್ಡ ತೋಟ, ದೊಡ್ಡ ರುಮಾಲು, ದೊಡ್ಡ ದನಿ. ಮಾತಿಗೆ ಮುಂಚೆ ಎರಡು ಸಲ ಕೆಮ್ಮಿ "ನೋಡ್ರಪ್ಪಾ..." ಎಂದು ಶುರು ಮಾಡುತ್ತಿದ್ದರು. ಆ ಕೆಮ್ಮಿಗೇ ಸಭೆ ಅರ್ಧ ಒಪ್ಪಿಬಿಡುತ್ತಿತ್ತು. ಕೆಟ್ಟ ಮನುಷ್ಯರಲ್ಲ. ರಂಗಮಂದಿರದ ತೊಲೆಗಳೆಲ್ಲ ಅವರ ತೋಟದ ಮರಗಳೇ. ಆದರೆ ತಾವು ತಪ್ಪಬಹುದು ಎಂಬ ಅನುಮಾನ ಅವರಿಗೆ ಜನ್ಮದಲ್ಲಿ ಬಂದಿರಲಿಲ್ಲ. ಕಾರ್ಯದರ್ಶಿ ಶಿವಣ್ಣ ಸಣ್ಣ ಏಲಕ್ಕಿ ಬೆಳೆಗಾರ, ನಾಟಕದ ಹುಚ್ಚಿನವನು, ಹೃದಯ ಒಳ್ಳೆಯದು, ಬೆನ್ನುಮೂಳೆ ಮಾತ್ರ ಮೆತ್ತಗೆ. ಏನು ಕೇಳಿದರೂ "ನೋಡಾಣ ಬಿಡಿ ಮೇಡಂ" ಎನ್ನುತ್ತಿದ್ದ.

ನನ್ನ ಮೊದಲ ಪೆಟ್ಟು ಬಿದ್ದದ್ದು ಮಾರ್ಚಿ ತಿಂಗಳಲ್ಲಿ. ಹೊಸಬಳು ನಾನು, ಕೊಯ್ಲು ಮುಗಿದು ಎಲ್ಲರೂ ಬಿಡುವಾಗಿದ್ದಾರೆ ಎಂದುಕೊಂಡು ಒಂದು ಭಾನುವಾರ ಮಧ್ಯಾಹ್ನ ಪೌರಾಣಿಕ ನಾಟಕ ಇಟ್ಟೆ. ಕಾಫಿಗೆ ಹೂಮಳೆ ಬೇಕಾದ ಕಾಲ ಅದು. ಆ ಮಳೆ ಬಿದ್ದರೆ ಗಿಡ ಹೂ ಕಟ್ಟುತ್ತದೆ, ಬೀಳದಿದ್ದರೆ ವರ್ಷವೇ ಹೋಯಿತು. ಆಲೂರಿನ ನನಗೆ ಇದು ತಿಳಿಯದ್ದೇನಲ್ಲ, ಆದರೆ ಇವರಿಗೆ ಅದು ಎಷ್ಟು ದೊಡ್ಡದು ಎಂದು ತಿಳಿದಿರಲಿಲ್ಲ. ಶಿವಣ್ಣ ರಾಜನ ವೇಷದಲ್ಲಿ ಸಿಂಹಾಸನದ ಮೇಲೆ ಕೂತು "ಮಂತ್ರಿವರ್ಯ, ರಾಜ್ಯದಲ್ಲಿ ಎಲ್ಲರೂ ಕ್ಷೇಮವೇ?" ಎಂದು ಕೇಳುತ್ತಿದ್ದಾನೆ, ಮಾಡಿನ ತಗಡಿನ ಮೇಲೆ ಟಪಟಪ ಸದ್ದಾಯಿತು. ರಾಜ ಒಂದು ಗಳಿಗೆ ಮೇಲೆ ನೋಡಿದ. "ಬಂತು ಕಣ್ರೋ!" ಎಂದು ಕಿರುಚಿ ಕಿರೀಟದ ಸಮೇತ ರಂಗದಿಂದ ಧುಮುಕಿ ಬಾಗಿಲ ಕಡೆ ಓಡಿದ. ಅವನ ಹಿಂದೆ ಸೇನಾಧಿಪತಿ, ರಾಣಿ, ಪ್ರೇಕ್ಷಕರು, ಕೊನೆಗೆ ಅಧ್ಯಕ್ಷರು. ಎಲ್ಲರೂ ಅಂಗಳದಲ್ಲಿ ನಿಂತು ನೆನೆಯುತ್ತ ನಗುತ್ತಿದ್ದರು. ಆಮೇಲೆ ಜೀಪು ಹತ್ತಿ ಅವರವರ ತೋಟ ನೋಡಲು ಹೋಗಿಯೇಬಿಟ್ಟರು. ರಂಗದ ಮೇಲೆ ಉಳಿದವನು ಮಂತ್ರಿ ಒಬ್ಬನೇ. ಅವನು ಪೋಸ್ಟಾಫೀಸಿನವನು, ಅವನಿಗೆ ತೋಟ ಇರಲಿಲ್ಲ. "ನಂದೊಂದ್ ಹಾಡೈತೆ ಮೇಡಂ, ಹೇಳ್ಬುಡ್ಲಾ?" ಎಂದು ಕೇಳಿದ. ಹೇಳಿಸಿದೆ, ನಾನೊಬ್ಬಳೇ ಕೂತು ಕೇಳಿದೆ. ಅಂದಿನಿಂದ ಹೂಮಳೆ ಬಿದ್ದು ಮುಗಿಯುವವರೆಗೆ ನಾಟಕ ಇಡಬಾರದು ಎಂದು ನಾನೇ ನಿಯಮ ಮಾಡಿದೆ.

ಇನ್ನು ನೆಲದ ಕಥೆಗೆ ಬರುತ್ತೇನೆ. ನನ್ನ ಇಡೀ ಕೆಲಸದ ಕಥೆ ಅದೇ.

ನಮ್ಮ ಬೆಳೆಗಾರರಿಗೆ ಕಟ್ಟಲು ಗೊತ್ತಿದ್ದದ್ದು ಎರಡೇ. ಕಾಫಿ ತುಂಬುವ ಸ್ಟೋರು, ಕಾಫಿ ಒಣಗಿಸುವ ಕಣ. ರಂಗಮಂದಿರ ಕಟ್ಟುವಾಗ ಪ್ರತಿಯೊಬ್ಬರೂ ಮೇಸ್ತ್ರಿಯ ತಲೆಯ ಮೇಲೆ ನಿಂತು ಬುದ್ಧಿ ಹೇಳಿದ್ದರು. ಕಣಕ್ಕೆ ಇಳಿಜಾರು ಕೊಡದಿದ್ದರೆ ನೀರು ನಿಲ್ಲುತ್ತದೆ ಎಂಬುದು ಅವರಿಗೆ ಅನ್ನ ಉಣ್ಣುವಷ್ಟು ಚೆನ್ನಾಗಿ ಗೊತ್ತು. ಹಾಗಾಗಿ ಇಲ್ಲಿಯೂ ರಂಗದ ಕಡೆ ಎತ್ತರ, ಬಾಗಿಲ ಕಡೆ ತಗ್ಗು ಮಾಡಿಸಿದರು. ತೊಳೆದ ನೀರು ಸಲೀಸಾಗಿ ಬಾಗಿಲಿಂದ ಹೊರಗೆ ಹೋಗಬೇಕು ನೋಡಿ! ನೀರು ಹೋಯಿತು. ನಾಟಕ ಕಾಣುವುದೂ ಹೋಯಿತು. ಜಗತ್ತಿನ ಎಲ್ಲ ರಂಗಮಂದಿರಗಳಲ್ಲಿ ಹಿಂದೆ ಕೂತವನು ಎತ್ತರದಲ್ಲಿದ್ದರೆ, ನಮ್ಮಲ್ಲಿ ಮುಂದೆ ಕೂತವನು ಎತ್ತರದಲ್ಲಿ, ಹಿಂದಿನವನು ಹಳ್ಳದಲ್ಲಿ. ಚಾಪೆಯ ಮೇಲಿನವರಿಗೆ ಕಾಣುತ್ತಿದ್ದದ್ದು ಕುರ್ಚಿಗಳ ಬೆನ್ನು, ಹಿತ್ತಾಳೆ ತಗಡು, ಗೌಡರ ರುಮಾಲು. ಎಷ್ಟೋ ಸಲ ಮುಂದಿನ ಕುರ್ಚಿಗಳಲ್ಲಿ ಅರ್ಧ ಖಾಲಿ ಇರುತ್ತಿದ್ದವು, ಹಿಂದೆ ಜನ ತುದಿಗಾಲಲ್ಲಿ ನಿಂತು ಕತ್ತು ಉದ್ದ ಮಾಡುತ್ತಿದ್ದರು.

ಸಭೆಯಲ್ಲಿ ಹೇಳಿದೆ. ಗೌಡರು ಕೆಮ್ಮಿದರು.

"ನೋಡ್ರಪ್ಪಾ, ನಂಗೆಲ್ಲ ಚೆನ್ನಾಗೇ ಕಾಣ್ತೈತೆ. ನಿಮ್ಗ್ಯಾರಿಗಾರ ಕಾಣಲ್ವಾ?"

ಕುರ್ಚಿಯವರೆಲ್ಲ ಕಾಣುತ್ತದೆ ಎಂದರು. ಕಾಣದೆ ಏನು, ಎಲ್ಲರೂ ಮುಂದೆಯೇ ಕೂರುವವರಲ್ಲವೇ!

"ಒಂದು ನಾಟಕ ಹಿಂದೆ ಚಾಪೆಯ ಮೇಲೆ ಕೂತು ನೋಡಿ ಸರ್" ಎಂದೆ.

"ನನ್ ಕುರ್ಚಿ ಇರ್ಬೇಕಾದ್ರೆ ನಾನ್ಯಾಕಮ್ಮ ಅಲ್ ಹೋಗಿ ಕೂರ್ಲಿ? ಒಳ್ಳೆ ಮಾತಾಡ್ತೀಯ."

ಬಿಡಲಿಲ್ಲ ನಾನು. ಸಭೆಸಭೆಗೂ ಅದನ್ನೇ ಎತ್ತಿದೆ. ಕೊನೆಗೆ ನನ್ನ ಬಾಯಿ ಮುಚ್ಚಿಸಲೆಂದು ರಂಗವನ್ನೇ ಎತ್ತರಿಸಿದರು. ಆಗ ಮುಂದಿನ ಸಾಲಿನವರು ಮುಖ ಮೇಲಕ್ಕೆತ್ತಿ ಕೂತು ಕತ್ತು ಹಿಡಿದುಕೊಂಡು ನರಳಿದರು. ಒಂದೇ ನಾಟಕಕ್ಕೆ ರಂಗ ಮತ್ತೆ ತಗ್ಗಿಗೆ ಇಳಿಯಿತು. ಕುರ್ಚಿಯವರ ಕತ್ತು ನೋವು ಒಂದೇ ದಿನದಲ್ಲಿ ಸಭೆಯ ವಿಷಯವಾಯಿತು, ಚಾಪೆಯವರ ಕತ್ತು ನೋವು ವರ್ಷಗಟ್ಟಲೆ ಆಗಲಿಲ್ಲ. ಇದನ್ನು ಹೇಳಿದ್ದಕ್ಕೆ "ಸರೋಜಮ್ಮಂಗೆ ನಾಲ್ಗೆ ಉದ್ದ" ಎಂಬ ಹೆಸರು ನನಗೆ ಬಂತು. ಬರಲಿ ಎಂದುಕೊಂಡೆ.

ವರ್ಷಗಳು ಹೀಗೇ ಹೋದವು. ಬಸ್ ಕಂಡಕ್ಟರ್ ಕೈಯಲ್ಲಿ ಹೇಳಿ ಕಳಿಸುತ್ತಿದ್ದ ಸುದ್ದಿ ಫೋನಿಗೆ ಬಂತು. ಹಗ್ಗಕ್ಕೆ ನೇತುಹಾಕಿ, ನಟರೆಲ್ಲ ಅದರ ಕೆಳಗೇ ಬಂದು ನಿಂತು ಮಾತಾಡುತ್ತಿದ್ದ ಮೈಕು ಹೋಗಿ ಒಳ್ಳೆಯ ಮೈಕುಗಳು ಬಂದವು. ಜನರೇಟರಿಗೆ ಒದೆಯುವ ಕೆಲಸ ತಪ್ಪಿತು. ನೆಲ ಮಾತ್ರ ಹಾಗೇ ಇತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ವನಗೂರಿನ ಕಡೆಯ ಎಸ್ಟೇಟ್ ಲೈನಿನಿಂದ ರತ್ನಮ್ಮ ಬಂದಳು. ಕಾಫಿ ಕುಯ್ಯುವವಳು, ಕೊಯ್ಲಿನ ಕಾಲದಲ್ಲಿ ಗೌಡರ ತೋಟಕ್ಕೂ ಬರುತ್ತಿದ್ದವಳು. ಎದುರಿನವರನ್ನು ನೋಡುತ್ತ ನೋಡುತ್ತಲೇ ಅವರಂತೆ ನಡೆದು, ಅವರಂತೆ ಮಾತಾಡಿ ತೋರಿಸುವ ಕಲೆ ಅವಳಿಗಿತ್ತು. ಲೈನಿನ ಹೆಂಗಸರನ್ನೇ ಸೇರಿಸಿ ಒಂದು ನಾಟಕ ಕಟ್ಟಿದ್ದಳು. ಇಬ್ಬರು ನೆರೆಯವರು ಒಂದು ಹಲಸಿನ ಮರಕ್ಕಾಗಿ ಜಗಳವಾಡುತ್ತಾರೆ, ಎಸ್ಟೇಟ್ ಯಜಮಾನ ನ್ಯಾಯ ಹೇಳಲು ಬಂದು ಹಣ್ಣನ್ನೆಲ್ಲ ತಾನೇ ತಿಂದು ಹೋಗುತ್ತಾನೆ. ಇಷ್ಟೇ ಕಥೆ. ಹೆಂಗಸರೇ ಮೀಸೆ ಅಂಟಿಸಿಕೊಂಡು ಗಂಡಸರಾಗುತ್ತಿದ್ದರು. ಯಾವುದೇ ತಂಡ ಆಡಬೇಕಾದರೆ ಕುರ್ಚಿ ಮೆಂಬರೊಬ್ಬರು ಶಿಫಾರಸು ಮಾಡಬೇಕಿತ್ತು. ಶಿವಣ್ಣನ ಎದುರು ಒಂದು ದೃಶ್ಯ ಆಡಿಸಿದೆ. ಅವನು ನಗುತ್ತ ನಗುತ್ತ ಒಪ್ಪಿಬಿಟ್ಟ. ಒಪ್ಪಿದ ಮೇಲೆ ಹೆದರಿಕೊಂಡ, ಅದು ಬೇರೆ ಮಾತು.

ದಿನ ಗೊತ್ತಾಯಿತು, ಭಾನುವಾರ ಮಧ್ಯಾಹ್ನ. ರತ್ನಮ್ಮ ರಂಗ ನೋಡಲು ಬಂದವಳು ಬಾಗಿಲ ಹತ್ತಿರ ಹೋಗಿ ಚಾಪೆಯ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಅಲ್ಲಿಂದ ಎದ್ದು ಬಂದು ನನ್ನ ಮುಂದೆ ನಿಂತಳು.

"ಅಮ್ಮಾ, ನಮ್ ಜನ ಇಲ್ಲೇ ಕೂರದಾ?"

"ಹೌದು ಕಣೆ."

"ಇಲ್ಲಿಂದ ಕುರ್ಚಿ ಬೆನ್ನು ಬಿಟ್ರೆ ಏನೂ ಕಾಣಲ್ವಲ್ಲಮ್ಮ. ನಮ್ಮೋರು ನೋಡ್ಲಿ ಅಂತ ಆಡ್ತಿರೋದು ನಾವು. ಮೂರು ಎಸ್ಟೇಟಿಂದ ಜೀಪ್ ಮಾಡ್ಕೊಂಡು ಬರ್ತವ್ರೆ. ಅವ್ರಿಗೆ ಕಾಣ್ದಿದ್ರೆ ನಾವು ಆಡಲ್ಲ. ಬ್ಯಾಡ ಬಿಡಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಬೇಡ ಎಂದರೆ ಬೇಡ ಅಷ್ಟೇ. ನಾನು ವರ್ಷಗಟ್ಟಲೆ ಸಭೆಯಲ್ಲಿ ಕೂಗಿ, ಮನೆಗೆ ಹೋಗಿ ಉಂಡು ಮಲಗಿದ್ದೆ. ಇವಳು ನಿಂತ ಕಾಲಲ್ಲೇ ಆಡುವುದಿಲ್ಲ ಎಂದಳು. ನನಗೆ ನಾಚಿಕೆಗಿಂತ ಹೆಚ್ಚಾಗಿ ಹುರುಪು ಬಂತು.

ಉಪಾಯ ನನಗೆ ಎಂದೋ ಹೊಳೆದಿತ್ತು. ನೆಲ ತಿರುಗಿಸಲಾಗದಿದ್ದರೆ ರಂಗ ತಿರುಗಿಸಬಹುದಲ್ಲ. ತಗ್ಗಿನಲ್ಲಿ, ದೊಡ್ಡ ಬಾಗಿಲ ಮುಂದೆಯೇ ರಂಗ ಕಟ್ಟಿದರೆ ಇಡೀ ಇಳಿಜಾರು ಸರಿಯಾಗುತ್ತದೆ. ಹಿಂದೆ ಕೂತವರು ಎತ್ತರಕ್ಕೆ ಬರುತ್ತಾರೆ. ಜನ ಒಳಗೆ ಬರಲು ಮೇಲಿನ ತುದಿಯಲ್ಲಿ ಪಕ್ಕದ ಬಾಗಿಲೊಂದು ಇತ್ತು. ಕಾಫಿ ಮೂಟೆ ಇಳಿಸುವ ಸ್ಟೋರಿನ ಬಾಗಿಲಿನಂಥದೇ, ಅಭ್ಯಾಸಬಲದಿಂದ ಇಟ್ಟದ್ದು. ತೊಡಕು ಒಂದೇ. ಸಿಮೆಂಟಿನಲ್ಲಿ ಬೇರೂರಿದ ಕುರ್ಚಿಗಳೆಲ್ಲ ಆಗ ಎಲ್ಲರಿಗಿಂತ ಹಿಂದೆ ಉಳಿಯುತ್ತಿದ್ದವು, ಅದೂ ಹೊಸ ರಂಗಕ್ಕೆ ಬೆನ್ನು ಹಾಕಿಕೊಂಡು.

ಕದ್ದು ಮಾಡಲಿಲ್ಲ. ಗೌಡರ ಮನೆಗೇ ಹೋಗಿ ಹೇಳಿದೆ. ಅವರು ಕೆಮ್ಮಲೂ ಮರೆತರು.

"ನನ್ ಕುರ್ಚಿಗೆ ಬೆನ್ ಹಿಂದೆ ನಾಟ್ಕ ಆಡುಸ್ತೀಯಾ?"

"ಕುರ್ಚಿ ಕಿತ್ತು ತಿರುಗಿಸಿಕೊಡುತ್ತೇನೆ ಸರ್, ಒಪ್ಪಿಗೆ ಕೊಡಿ."

"ಅದನ್ನ ಮುಟ್ಟಂಗಿಲ್ಲ. ರಂಗಾನೂ ಮುಟ್ಟಂಗಿಲ್ಲ. ಮುಟ್ಟುದ್ರೆ ಸೋಮವಾರದಿಂದ ನೀನು ಬರೋದ್ ಬ್ಯಾಡ."

"ಕುರ್ಚಿ ಮುಟ್ಟುವುದಿಲ್ಲ" ಎಂದೆ. "ಭಾನುವಾರ ನಾಟಕಕ್ಕೆ ಬನ್ನಿ."

ಅವರ ಹೆಂಡತಿ ಸುಶೀಲಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನನಗೆ ಕಾಫಿ ಕೊಟ್ಟೇ ಕಳಿಸಿದರು. ಆ ಸಂಬಳ ಬಿಟ್ಟರೆ ನನಗೆ ಬೇರೆ ಆಧಾರವಿರಲಿಲ್ಲ. ಆದರೂ ಶನಿವಾರ ಬೆಳಿಗ್ಗೆ ರಂಗಕ್ಕೆ ಆಧಾರವಾಗಿ ಖಾಲಿ ಡ್ರಮ್ಮುಗಳು ಬಂದವು, ಮೇಲೆ ಹಾಸಲು ಸಿಲ್ವರ್ ಓಕ್ ಹಲಗೆಗಳು ಬಂದವು. ರತ್ನಮ್ಮನ ಹೆಂಗಸರು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಧ್ಯಾಹ್ನದ ಹೊತ್ತಿಗೆ ರಂಗ ಕಟ್ಟಿದರು. ದೊಡ್ಡ ಬಾಗಿಲ ಹೊರಗಿನ ಜಗಲಿಯೇ ಬಣ್ಣದ ಮನೆಯಾಯಿತು.

ಭಾನುವಾರ ಜೀಪುಗಳ ಮೇಲೆ ಜೀಪು. ಜನ ಪಕ್ಕದ ಬಾಗಿಲಿಂದ ಬಂದು ಇಳಿಜಾರಿನ ಉದ್ದಕ್ಕೂ ಚಾಪೆಯ ಮೇಲೆ ತುಂಬಿಕೊಂಡರು. ಕುರ್ಚಿ ಮೆಂಬರುಗಳೂ ಬಂದರು, ಬಂದು ತಬ್ಬಿಬ್ಬಾಗಿ ನಿಂತರು. ಇಬ್ಬರು ಬೈದುಕೊಂಡು ಮನೆಗೆ ಹೋದರು. ಶಿವಣ್ಣ ಆಚೆ ಈಚೆ ನೋಡಿ ಮೆಲ್ಲಗೆ ಚಾಪೆಯ ತುದಿಗೆ ಕೂತ, ಅವನನ್ನು ನೋಡಿ ಇನ್ನೂ ಕೆಲವರು ಕೂತರು. ಸುಶೀಲಮ್ಮ ಯಾರನ್ನೂ ನೋಡದೆ ನೇರ ಕೆಳಗೆ ನಡೆದು ಲೈನಿನ ಹೆಂಗಸರ ನಡುವೆ ಜಾಗ ಮಾಡಿಕೊಂಡರು. ಕೊನೆಗೆ ಗೌಡರು ಬಂದರು. ನೆಟ್ಟಗೆ ಹೋಗಿ ತಮ್ಮ ಕುರ್ಚಿಯಲ್ಲಿ, ನಾಟಕಕ್ಕೆ ಬೆನ್ನು ಹಾಕಿ, ಎದುರಿನ ಖಾಲಿ ಹಳೆಯ ರಂಗವನ್ನು ದಿಟ್ಟಿಸುತ್ತ ಕೈಕಟ್ಟಿ ಕೂತರು.

ನಾಟಕ ಶುರುವಾಯಿತು. ಹಲಸಿನ ಜಗಳಕ್ಕೆ ಜನ ನಕ್ಕು ನಕ್ಕು ಉರುಳಿದರು. ಆಮೇಲೆ ಯಜಮಾನನ ಪ್ರವೇಶ. ರತ್ನಮ್ಮ ರುಮಾಲು ಸುತ್ತಿ ಕೋಲೂರಿ ಬಂದು ರಂಗದ ಮಧ್ಯೆ ನಿಂತಳು. ಎರಡು ಸಲ ಕೆಮ್ಮಿದಳು.

"ನೋಡ್ರಪ್ಪಾ..."

ಇದನ್ನು ಅವಳು ನನಗೆ ತೋರಿಸಿರಲಿಲ್ಲ. ಎಲ್ಲರ ಕಣ್ಣೂ ಮೇಲಿನ ಕುರ್ಚಿಯ ಕಡೆಗೆ ಹೋಯಿತು. ರುಮಾಲು ಅಲುಗಲಿಲ್ಲ. ಮೊದಲು ನಕ್ಕವರು ಸುಶೀಲಮ್ಮ. ಆಮೇಲೆ ಮಾಡಿನ ತಗಡು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ರತ್ನಮ್ಮ ಕೂತಳು, ಎದ್ದಳು, ಹಲಸಿನ ತೊಳೆ ಬಾಯಿಗಿಟ್ಟು ನ್ಯಾಯ ಹೇಳಿದಳು. ಪ್ರತಿ ಮಾತಿಗೂ ಗೌಡರ ಕಿವಿಯ ಹಿಂಬದಿ ಕೆಂಪಾಗುತ್ತಿದ್ದದ್ದನ್ನು ನಾನು ಪಕ್ಕದ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವರು ತಿರುಗಲಿಲ್ಲ. ಕೊನೆಯ ಚಪ್ಪಾಳೆ ಮುಗಿಯುವವರೆಗೂ ತಿರುಗದೆ ಕೂತು, ಎದ್ದು, ಹೊರಟುಹೋದರು. ಹಟ ಅಂದರೆ ಹಟ ಮಾರಾಯರೇ, ಅದಕ್ಕೆ ನಾನೂ ತಲೆಬಾಗುತ್ತೇನೆ.

ಸೋಮವಾರ ಎಂದಿನಂತೆ ಹೋಗಿ ಬೀಗ ತೆಗೆದೆ. ರಂಗವನ್ನು ಕಳಚಲಿಲ್ಲ. ಶಿವಣ್ಣ ಬಂದು, "ಮೇಡಂ, ಗೌಡ್ರಿಗೊಂದ್ ಸಾರಿ ಹೇಳ್ಬುಡಿ, ಎಲ್ಲ ಖಲಾಸ್ ಆಗ್ತೈತೆ" ಎಂದ. ಯಾವುದಕ್ಕೆ ಕ್ಷಮೆ ಕೇಳಬೇಕು, ಜನಕ್ಕೆ ಕಂಡಿದ್ದಕ್ಕಾ ಎಂದೆ. ಅವನು ತಲೆ ಕೆರೆದುಕೊಂಡು ಹೋದ.

ವಾರದೊಳಗೆ ಸಭೆ ಕರೆದರು. ವಿಷಯ ಎರಡು. ರಂಗವನ್ನು ಹಳೆಯ ಜಾಗಕ್ಕೆ ತರುವುದು, ನನ್ನನ್ನು ಕೆಲಸದಿಂದ ತೆಗೆಯುವುದು. ಎರಡಕ್ಕೂ ಸೇರಿಸಿ ಒಂದೇ ಓಟು. ಕೈ ಎತ್ತಿಸಿದರು. ಚಾಪೆಯ ಮೇಲೆ ಕೂತು ನೋಡಿದ ಮೆಂಬರುಗಳು ನನ್ನ ಕಡೆ, ಮನೆಗೆ ಹೋದವರೂ ಬರದೇ ಇದ್ದವರೂ ಇನ್ನೊಂದು ಕಡೆ. ಶಿವಣ್ಣನ ಕೈ ಮೇಲೆ ಹೋಗಿ, ಕೆಳಗೆ ಬಂದು, ಮತ್ತೆ ನನ್ನ ಪರವಾಗಿ ಮೇಲೆ ಹೋಗಿ ಅಲ್ಲೇ ನಿಂತಿತು. ಸಮ ಸಮ ಆಯಿತು. ಉಳಿದದ್ದು ಅಧ್ಯಕ್ಷರ ಕುರ್ಚಿಯ ಓಟು.

ಗೌಡರು ಕೆಮ್ಮು ಬಂದರೂ ತಡೆದುಕೊಂಡರು. ಆಮೇಲೆ ಎಂದರು, "ನಾನು ನಾಟ್ಕ ಕೇಳ್ದೆ, ನೋಡ್ಲಿಲ್ಲ. ನೋಡ್ದೆ ಹೆಂಗ್ ಓಟ್ ಹಾಕ್ಲಿ? ಆ ಹೆಂಗ್ಸುಗೆ ಹೇಳು ಸರೋಜಮ್ಮ, ಇನ್ನೊಂದ್ ದಪ ಆಡ್ಲಿ. ನಮ್ ಕಮಿಟಿಯೋರಿಗೆ ಮಾತ್ರ. ನೋಡಿ ತೀರ್ಮಾನ ಮಾಡ್ತೀನಿ."

ನನ್ನ ಅನ್ನ ಈಗ ರತ್ನಮ್ಮನ ಕೈಯಲ್ಲಿತ್ತು. ಮಾರನೆಯ ದಿನವೇ ಜೀಪು ಹತ್ತಿ ವನಗೂರಿಗೆ ಹೋದೆ. ಅವಳು ಏಣಿ ಹತ್ತಿ ಮೆಣಸು ಬಿಡಿಸುತ್ತಿದ್ದಳು. ಎಲ್ಲ ಹೇಳಿದೆ. ನನ್ನ ಕೆಲಸದ ಮಾತನ್ನೂ ಮುಚ್ಚಿಡಲಿಲ್ಲ. ಅವಳು ಏಣಿಯಿಂದ ಇಳಿಯಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ.

"ಅಮ್ಮಾ, ನಿಮ್ ಕೆಲ್ಸ ಹೋದ್ರೆ ನಂಗೆ ಸಂಕ್ಟ ಆಯ್ತದೆ, ದೇವ್ರಾಣೆ. ಆದ್ರೆ ಅವ್ರಿಗೆ ಅಂತ ಬೇರೆ ಆಡಾಕಿಲ್ಲ ಕಣಮ್ಮ. ಮುಂದಿನ್ ತಿಂಗ್ಳು ಭಾನುವಾರ ಎಲ್ರಿಗೂ ಆಡ್ತೀವಿ, ಗೌಡ್ರೂ ಬರ್ಲಿ. ಬೇಗ ಬಂದ್ರೆ ಮುಂದೆ ಜಾಗ ಸಿಗ್ತೈತೆ ಅಂತ ಹೇಳಿ."

ಜೀಪಿನಲ್ಲಿ ವಾಪಸು ಬರುವಾಗ ಆ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳೋಣವೇ ಎಂದು ಒಂದೆರಡು ತಿರುವಿನವರೆಗೆ ಯೋಚಿಸಿದೆ. ಆಮೇಲೆ ಬಿಟ್ಟೆ. ಮತ್ತೆ ಸೇರಿದ ಸಭೆಯಲ್ಲಿ ಎದ್ದು ನಿಂತು, ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಹೇಳಿದೆ.

"ಎಷ್ಟ್ ಸೊಕ್ಕು ನೋಡ್ರೀ!" ಎಂದು ಯಾರೋ ಕೂಗಿದರು. ಶಿವಣ್ಣ ಮುಖ ಮುಚ್ಚಿಕೊಂಡ. ಗೌಡರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಾನು ಕೂರಲಿಲ್ಲ. ಇನ್ನೇನು ಬೀಗದಕೈ ಕೊಡು ಎನ್ನುತ್ತಾರೆ ಎಂದು ಕಾಯುತ್ತಿದ್ದೆ.

ಅವರು ತಲೆ ಎತ್ತಿ ನನ್ನ ಕಡೆ ನೋಡಿದರು.

"ಆ ಭಾನುವಾರ ಬಾಗ್ಲು ಎಷ್ಟೊತ್ತಿಗೆ ತೆಗಿತೀಯ?" ಎಂದು ಕೇಳಿದರು.